ಮಗಳ ಗೋಡೆಗಳ ಜೊತೆ ಕಮಲಾಪುರಕ್ಕೆ

ಬೆಳಿಗ್ಗೆ ಐದೂವರೆಗೆ ನಗರದ ಖೂಬಾ ಪ್ಲಾಟಿನಿಂದ ಹೊರಟೆವು, ನಾನು ಮತ್ತು ನನ್ನ ಮಗಳು ಸುಜಾತಾ. ಅಲ್ಲಿ ಅವಳದೊಂದು ಬಾಡಿಗೆ ಕೋಣೆ ಇದೆ. ಹಿಂದಿನ ದಿನ ನಮ್ಮೂರು ಕಮಲಾಪುರದಿಂದ ಬಸ್ಸಿನಲ್ಲಿ ಬಂದು ನಾನು ಅಲ್ಲೇ ಉಳಿದಿದ್ದೆ. ಕಪನೂರದವರೆಗೆ ಆಟೋದವನು ನೂರೈವತ್ತು ಕೇಳಿದ, ಸುಜಾತಾ ನೂರಾ ಇಪ್ಪತ್ತಕ್ಕೆ ಇಳಿಸಿದಳು. ನೆಹರು ಗಂಜಿನಲ್ಲಿ ಹಮಾಲರು ಆಗಲೇ ತೊಗರಿ ಚೀಲ ಹೊರುತ್ತಿದ್ದರು. ಏಪ್ರಿಲ್ ತಿಂಗಳು. ಸೂರ್ಯ ಹುಟ್ಟುವ ಮೊದಲೇ ಅಂಗಿ ಬೆನ್ನಿಗೆ ಅಂಟಿತ್ತು.

ನಾನು ಗೌಂಡಿ. ಮೆಟ್ರಿಕ್ ಪಾಸಾಗಿ ಕರಣಿ ಹಿಡಿದವನು. ನಲವತ್ತು ವರ್ಷ ಕಮಲಾಪುರ, ಮಹಾಗಾಂವ ಸುತ್ತಮುತ್ತ ಶಹಾಬಾದ್ ಕಲ್ಲಿನ ಮನೆಗಳನ್ನು ಕಟ್ಟಿದ್ದೇನೆ. ಬೇರೆಯವರಿಗೆ ಕಟ್ಟಿದ್ದೇ ಬಂತು, ನಾವು ಇದ್ದದ್ದು ತಗಡಿನ ಕೆಳಗೆ. ಬೇಸಿಗೆಯ ಮಧ್ಯಾಹ್ನ ನನ್ನ ಹೆಂಡತಿ ಒದ್ದೆ ಟವೆಲ್ ಹೊದ್ದು ಬಾಗಿಲಲ್ಲಿ ಮಲಗುತ್ತಿದ್ದಳು. ಅದನ್ನು ನೋಡುತ್ತಲೇ ಬೆಳೆದ ಸುಜಾತಾ ಸಿವಿಲ್ ಇಂಜಿನಿಯರಿಂಗ್ ಓದಿದಳು, ಇಬ್ಬರು ಗೆಳತಿಯರ ಜೊತೆ ಕಪನೂರದಲ್ಲಿ ಒಂದು ಶೆಡ್ ಹಿಡಿದಳು. ಅಲ್ಲಿ ಗೋಡೆಗಳನ್ನೇ ಮಾಡುತ್ತಾರೆ. ಎರಡು ಸಿಮೆಂಟ್ ಹಲಗೆಗಳ ನಡುವೆ ಥರ್ಮಾಕೋಲ್ ಕಾಳು ಬೆರೆಸಿದ ಹಗುರ ಕಾಂಕ್ರೀಟು, ಬಿಸಿಲಿನ ಕಾವು ಒಳಗೆ ಇಳಿಯದಂತೆ. ಒಂದೊಂದು ತುಂಡು ಮೂರು ಅಡಿ ಅಗಲ, ಹತ್ತು ಅಡಿ ಎತ್ತರ. ಅವಳು ಮೊದಲು ಕಟ್ಟುವ ಮನೆ ನಮ್ಮದೇ ಆಗಬೇಕೆಂದು ಹಟ ಹಿಡಿದಿದ್ದಳು. ತಗಡು ಬಿಚ್ಚಿಸಿ, ತಾಯಿಯನ್ನು ಪಕ್ಕದ ಮನೆಯಲ್ಲಿ ಇರಿಸಿ, ಪಾಯ ಹಾಕುವ ಕೆಲಸವನ್ನು ನನಗೆ ಒಪ್ಪಿಸಿದ್ದಳು.

ಶೆಡ್ಡಿನ ಮುಂದೆ ಲಾರಿ ತುಂಬಿ ನಿಂತಿತ್ತು. ಡ್ರೈವರ್ ಖಾಜಾಸಾಬ ಹಗ್ಗ ಬಿಗಿಯುತ್ತಿದ್ದ.

"ಕ್ಯಾ ಮೇಸ್ತ್ರಿ, ಉಸುಕು ಹೊತ್ತೀನಿ, ಕಲ್ಲು ಹೊತ್ತೀನಿ. ಮನೀನೇ ಹೊತ್ತುಕೊಂಡು ಹೋಗೋದು ಇದೇ ಮೊದ್ಲು. ಇನ್ನೊಂದು ಟ್ರಿಪ್ ಹೊಡದು ಬೀಗರನ್ನೂ ತಂದು ಇಳಸ್ಲೇನು?"

"ಮೊದಲ ಇದನ್ನ ಒಡೀದಂಗ ಮುಟ್ಟಸ್ರಿ ಚಾಚಾ," ಎಂದಳು ಸುಜಾತಾ. ಒಂದೊಂದು ತುಂಡನ್ನೂ ಎಣಿಸಿ, ಕೈಯಿಂದ ತಟ್ಟಿ ನೋಡಿ, ಕ್ಯಾಬಿನ್ ಹತ್ತಿದಳು. ನಾನು ಅವಳ ಪಕ್ಕ ಕೂತೆ.

ಹುಮನಾಬಾದ್ ರಸ್ತೆಯಲ್ಲಿ ಲಾರಿ ಗಂಟೆಗೆ ಮೂವತ್ತರ ಮೇಲೆ ಓಡಲಿಲ್ಲ. ಕಮಲಾಪುರ ಮೂವತ್ತೇಳು ಕಿಲೋಮೀಟರು. ಎರಡೂ ಕಡೆ ಕೊಯ್ದ ಹೊಲ, ಬಿರುಕು ಬಿಟ್ಟ ಕರಿಮಣ್ಣು, ಜೋಳದ ಕಣಿಕಿಯ ಬಣವೆಗಳು. ಸುಜಾತಾ ತೊಡೆಯ ಮೇಲೆ ನಕ್ಷೆ ಬಿಡಿಸಿಕೊಂಡು ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ನಾನು ಹಿಂದೆ ಸರಿಯುವ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಿದ್ದೆ. ಮೂರು ವಾರದ ಹಿಂದೆ ನಾನು ಮಾಡಿದ್ದು ನನಗೊಬ್ಬನಿಗೇ ಗೊತ್ತಿತ್ತು.

ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಂತೆವು. ಮಿರ್ಚಿ ಭಜಿ ಆಗಷ್ಟೇ ಬಾಣಲೆಯಿಂದ ಎದ್ದಿತ್ತು. ಖಾಜಾಸಾಬ ಹಗ್ಗ ನೋಡಲು ಹೋದಾಗ ನಾನು ಬಾಯಿ ಬಿಟ್ಟೆ.

"ಸುಜಾ, ಪಾಯಾ ಎರಡಿಂಚು ಉದ್ದ ಆಗ್ಯಾದ."

"ಯಾವ ಕಡಿ?"

"ಮೂಡಲ ಕಡಿ."

ಅವಳು ಚಹಾದ ಲೋಟ ಕೆಳಗಿಟ್ಟಳು. "ತಪ್ಪಿ ಆಗ್ಯಾದೋ, ನೀ ಬೇಕಂತ ಮಾಡೀಯೋ?"

"ಮಾಡೀನಿ."

ಇದನ್ನು ಓದುವವರಿಗೆ ಬಿಡಿಸಿ ಹೇಳಬೇಕು. ನಮ್ಮ ಕೆಲಸದಲ್ಲಿ ಆಯ ಎಂಬುದೊಂದಿದೆ. ಮನೆಯ ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷ ಮನೆಯ ಆಯ. ಒಂದೊಂದು ಶೇಷಕ್ಕೆ ಒಂದೊಂದು ಹೆಸರು, ಒಂದೊಂದು ಫಲ. ಸುಜಾತಾಳ ನಕ್ಷೆಯಲ್ಲಿ ಮನೆ ಮೂವತ್ತು ಅಡಿಗೆ ಹದಿನೆಂಟು. ಗುಣಿಸಿದರೆ ಐನೂರಾ ನಲವತ್ತು, ಶೇಷ ನಾಲ್ಕು. ನಾಲ್ಕು ಅಂದರೆ ನಾಯಿ ಆಯ, ಕೆಟ್ಟದ್ದು. ಉದ್ದವನ್ನು ಎರಡು ಇಂಚು ಹೆಚ್ಚಿಸಿದರೆ ಶೇಷ ಏಳು, ಆನೆ ಆಯ. ನಮ್ಮದು ಬೌದ್ಧ ಮನೆ. ನಾನು ದೀಕ್ಷೆ ತೆಗೆದುಕೊಂಡು ಎಷ್ಟೋ ವರ್ಷಗಳಾಗಿವೆ. ಆದರೂ ಮಾಲಕರು ಕೇಳಿದಂತೆಲ್ಲ ನೂರಾರು ಮನೆಗೆ ಈ ಲೆಕ್ಕ ಹಾಕಿ ಹಾಕಿ ಅದು ನನ್ನೊಳಗೇ ಕೂತಿತ್ತು. ಪಾಯದ ಅಳತೆಗೆ ದಾರ ಕಟ್ಟಿದ ದಿನ ಹೆಂಡತಿಯ ಮುಖ ನೆನಪಾಗಿ, ಅವಳಿಗೇನಾದರೂ ಆದೀತೆಂದು ಹೆದರಿಕೆ ಬಂತು. ಯಾರಿಗೂ ಹೇಳದೆ ಗೂಟವನ್ನು ಎರಡು ಇಂಚು ಸರಿಸಿದೆ. ಆ ಕಡೆಯ ಗೋಡೆ ಹಿಡಿದಿಡುವ ಹನ್ನೆರಡು ಬೋಲ್ಟುಗಳನ್ನೂ ಅದಕ್ಕೆ ತಕ್ಕಂತೆ ಕಾಂಕ್ರೀಟಿನಲ್ಲಿ ಹೂತೆ. ಇಟ್ಟಿಗೆ ಮನೆಯಲ್ಲಿ ಎರಡು ಇಂಚು ಗಾರೆಯಲ್ಲಿ ಮುಚ್ಚಿಹೋಗುತ್ತದೆ. ಅಳತೆ ಮಾಡಿ ತಂದ ಗೋಡೆಗೆ ಹಾಗಾಗುವುದಿಲ್ಲ ಎಂದು ಹೊಳೆದದ್ದು, ಹಿಂದಿನ ದಿನ ಶೆಡ್ಡಿನಲ್ಲಿ ಆ ತುಂಡುಗಳನ್ನು ಕಣ್ಣಾರೆ ನೋಡಿದಾಗ.

"ವಿಹಾರದಾಗ ಮೈಕ್ ಹಿಡದು, ಪಂಚಾಂಗ ನೋಡಬ್ಯಾಡ್ರಿ, ಬುದ್ಧಿ ಉಪಯೋಗಸ್ರಿ ಅಂದಾಂವ ನೀನೇ ಅಲ್ಲೇನಪ್ಪಾ?"

"ಹೌದವ್ವಾ, ನಾನೇ."

ಅವಳು ನಕ್ಷೆ ಬಿಡಿಸಿ ಮೂಡಲ ಗೋಡೆಯ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು, "ಈಗ ಯಾವ ಆಯ ಅಂದಿ?"

"ಆನಿ."

"ಆನಿ ಸಾಕೋವಷ್ಟು ಜಾಗ ನಮಗಿಲ್ಲ. ನಾಯೀನೇ ಇರ್ಲಿ, ಮನಿ ಕಾಯ್ತದ."

ನಗಲಿಲ್ಲ. ಫೋನು ತೆಗೆದು ಗೆಳತಿಗೆ ಡ್ರಿಲ್ ಮಿಷನ್ನು, ಕಬ್ಬಿಣ ಕೊಯ್ಯುವ ಮಿಷನ್ನು, ಬೋಲ್ಟು ಕೂಡಿಸುವ ಅಂಟು, ಎಲ್ಲ ಬೈಕಿನ ಮೇಲೆ ಕಳಿಸಲು ಹೇಳಿದಳು. ಗೋಡೆ ಎತ್ತಲು ಬಾಡಿಗೆಗೆ ಹೇಳಿದ್ದ ಕ್ರೇನು ಸಂಜೆ ನಾಲ್ಕರವರೆಗೆ ಮಾತ್ರ ನಮ್ಮದು. ಭಜಿಯನ್ನು ಯಾರೂ ಮುಟ್ಟಲಿಲ್ಲ, ಖಾಜಾಸಾಬನೇ ಕಟ್ಟಿಸಿಕೊಂಡ.

ಕಮಲಾಪುರ ಮುಟ್ಟಿದಾಗ ಎಂಟು ದಾಟಿತ್ತು. ಕ್ರೇನು ಬಂದಿತ್ತು, ಊರ ಜನವೂ ಬಂದಿತ್ತು. "ಥರ್ಮಾಕೋಲ್ ಮನಿ ಬಂತು, ಗಾಳಿ ಬಿಟ್ಟಾಗ ಹಿಡಕೊಳ್ರಿ," ಎಂದು ಒಬ್ಬ ಕೂಗಿದ. ಇಂಥ ಮನೆ ಬೇಕೆಂದು ಸುಜಾತಾಳನ್ನು ವಿಚಾರಿಸಿದ್ದ ಮಹಾಗಾಂವದ ಒಬ್ಬ ಮಾಸ್ತರರೂ ಬೈಕಿನ ಮೇಲೆ ಬಂದು ಬೇವಿನ ನೆರಳಲ್ಲಿ ನಿಂತಿದ್ದರು.

ಪಡುವಲ ಮೂಲೆಯಿಂದ ಶುರುವಾಯಿತು. ಸುಜಾತಾ ಕೈ ಎತ್ತಿದರೆ ಕ್ರೇನು ಎತ್ತುತ್ತಿತ್ತು, ಕೈ ಇಳಿಸಿದರೆ ಇಳಿಸುತ್ತಿತ್ತು. ಒಂದರ ಪಕ್ಕ ಒಂದು ಗೋಡೆ ಬಂದು ಕೂಡುವಾಗ ಟಪ್ ಎಂದು ಸಣ್ಣ ಸದ್ದು. ಹನ್ನೊಂದಕ್ಕೆ ಮೂರು ಕಡೆಯ ಗೋಡೆಗಳು ಎದ್ದು ನಿಂತಿದ್ದವು. ನಾನಾಗಿದ್ದರೆ ಅಷ್ಟಕ್ಕೆ ಒಂದು ತಿಂಗಳು ಬೇಕಿತ್ತು.

ಮೂಡಲಕ್ಕೆ ಬಂದಾಗ, ನನ್ನ ಜೊತೆ ಮೂವತ್ತು ವರ್ಷ ದುಡಿದ ಗೌಂಡಿ ಸಿದ್ದಣ್ಣ ಬಗ್ಗಿ ನೋಡಿದ. ಗೋಡೆ ನಿಲ್ಲುವ ಗೆರೆಯಿಂದಾಚೆ ಪಾಯ ಎರಡು ಬೆರಳಿನಷ್ಟು ಚಾಚಿಕೊಂಡಿತ್ತು.

"ಏ ಸುಜಾತಾ, ನಿನ್ನ ಫ್ಯಾಕ್ಟರಿ ಅಳತಿ ಗಿಡ್ಡ ಬಿತ್ತಲ್ಲವಾ! ಬೋಲ್ಟು ಒಂದು ಕಡಿ, ಗ್ವಾಡಿ ಒಂದು ಕಡಿ. ಮಳಿ ನೀರೆಲ್ಲ ಇಲ್ಲೇ ನಿಂತು ಒಳಗ ಹೋಗ್ತದ."

ನನ್ನ ಮಗಳು ನನ್ನ ಕಡೆ ನೋಡಲೂ ಇಲ್ಲ. "ಹೌದ್ರಿ ಕಾಕಾ, ಎರಡಿಂಚು ಫರಕ್ ಅದ. ಸರಿ ಮಾಡ್ತೀವ್ರಿ," ಎಂದಳು.

ಜನ ಗುಸುಗುಸು ಮಾತಾಡಿದರು. ಮಾಸ್ತರರು ಬೈಕಿನ ಸ್ಟ್ಯಾಂಡ್ ತೆಗೆದರು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅವಳದು ಹೋಗುತ್ತಿತ್ತು. ನಾನು ಪಾಯದ ಮೇಲೆ ಹತ್ತಿ ನಿಂತೆ.

"ಮಾಸ್ತರ್, ನಿಂದರ್ರಿ. ಅಳತಿ ತಪ್ಪಿದ್ದು ಆಕೀದಲ್ಲ. ಆಯಾ ನೋಡಿ ಪಾಯಾ ಉದ್ದ ಮಾಡ್ದಾಂವ ನಾನು. ಆಕಿಗೆ ಹೇಳದಂಗ ಮಾಡೀನಿ."

"ನೀನಾ?" ಸಿದ್ದಣ್ಣ ಬಾಯಿ ಮೇಲೆ ಕೈಯಿಟ್ಟ. "ದೀಕ್ಷಾ ತಗೊಂಡಾಂವ ಆಯಾ ನೋಡಿದ್ಯಾ? ನಾ ನೋಡಿದ್ರ ನನಗ ಬೈತಿದ್ದಿ!"

ಎಲ್ಲರೂ ನಕ್ಕರು. ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತ ನನ್ನ ಹೆಂಡತಿ ನಗಲಿಲ್ಲ.

"ನನ್ನ ನೋಡಿ ನಗ್ರಿ," ಎಂದೆ. "ಆಕಿ ಗ್ವಾಡಿ ಮಾತ್ರ ಅಳದು ನೋಡ್ರಿ." ಟೇಪನ್ನು ಸಿದ್ದಣ್ಣನ ಕೈಗೆ ಕೊಟ್ಟೆ.

ಅವನು ಎದ್ದು ನಿಂತ ಉದ್ದ ಗೋಡೆಯ ತುಂಡುಗಳನ್ನೂ ಕೆಳಗಿದ್ದ ಆರನ್ನೂ ಅಳೆದ. ಎರಡೆರಡು ಸಲ ಅಳೆದ. ಮಾಸ್ತರರೂ ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. "ಮೂರಂದ್ರ ಮೂರೇ ಅದಾವಲ್ಲೋ," ಎಂದ ಸಿದ್ದಣ್ಣ, "ಒಂದು ದಾರದೆಳಿ ಫರಕಿಲ್ಲ." ಆ ಮಾತು ಕೇಳಿದಾಗ ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ತಲೆ ಬಗ್ಗಿತ್ತು, ಎದೆ ಉಬ್ಬಿತ್ತು.

ಸುಜಾತಾ ಹಳೆಯ ಬೋಲ್ಟು ಕೊಯ್ಯಿಸಿ, ಹೊಸ ತೂತು ಕೊರೆಸಿ, ಅಂಟು ತುಂಬಿ ಹೊಸವನ್ನು ನಿಲ್ಲಿಸಿದಳು. ಅದು ಒಣಗುವವರೆಗೆ ನಾನು ಉಳಿ ಸುತ್ತಿಗೆ ಹಿಡಿದು, ನೀರು ಹೊರಗೆ ಹರಿಯುವಂತೆ ಚಾಚಿದ ಅಂಚನ್ನು ಇಳಿಜಾರಾಗಿ ಕೆತ್ತುತ್ತಾ ಕೂತೆ. ಹದಿನೆಂಟು ಅಡಿ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಸುತ್ತಿಗೆಯ ಸದ್ದು ಕೇಳಿತು. ಸಿದ್ದಣ್ಣ ಆ ತುದಿಯಿಂದ ಶುರು ಮಾಡಿದ್ದ. "ನೀ ಒಬ್ಬನೇ ಕೆತ್ತಿದ್ರ ಮತ್ತ ಎರಡಿಂಚು ಹೆಚ್ಚ ಕೆತ್ತೀದಿ," ಎಂದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಛಾವಣಿಯ ಕೊನೆಯ ತುಂಡು ಕೂತಿತು. ಹೊರಗೆ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನನ್ನ ಹೆಂಡತಿ ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಮೇಲೆ ನೋಡಿದಳು.

"ಫ್ಯಾನ್ ಎಲ್ಲಿ ಹಚ್ಚೀರಿ, ಕಾಣವಲ್ದು?"

"ಇನ್ನೂ ಕರೆಂಟೇ ಬಂದಿಲ್ಲಬೇ ಅವ್ವಾ," ಎಂದು ಸುಜಾತಾ ಆ ದಿನ ಮೊದಲ ಸಲ ನಕ್ಕಳು.

ಬಾಗಿಲು ಕಿಟಕಿಗಳು ಕಪನೂರದಲ್ಲೇ ಇದ್ದವು. ಮರುದಿನ ಅವನ್ನು ತರಲೆಂದು ಆ ಸಂಜೆಯೇ ನಾನೂ ಲಾರಿಯಲ್ಲಿ ವಾಪಸ್ ಹೊರಟೆ. ಹೊರಡುವ ಮೊದಲು ಮಾಸ್ತರರು ಸುಜಾತಾಳನ್ನು ಕೇಳಿದರು, "ನಮ್ಮ ಮನಿ ಪಾಯಾ ಯಾರ ಕಡಿಂದ ಹಾಕಸ್ತೀರವಾ?"

ನಾನು ಬೇರೆ ಕಡೆ ಮುಖ ತಿರುಗಿಸಿದೆ.

"ನಮ್ಮಪ್ಪ ಹಾಕ್ತಾನ್ರಿ," ಎಂದಳು. "ತಪ್ಪು ಮಾಡಿದ್ರ ಹೇಳ್ತಾನ."

ಕ್ಯಾಬಿನ್ನಿನಲ್ಲಿ ಜಾಗವಿತ್ತು. ಆದರೂ ನಾನು ಖಾಲಿ ಲಾರಿಯ ಹಿಂದೆ ಹತ್ತಿದೆ. ಎಷ್ಟೋ ಮನೆ ಕಟ್ಟಿ, ಕೂಲಿ ತೆಗೆದುಕೊಂಡು, ಹಿಂತಿರುಗಿ ನೋಡದೆ ಬಂದವನು ನಾನು. ಈ ಮನೆಯಲ್ಲಿ ನನ್ನ ಕೈ ಕೆಲಸ ಎಲ್ಲಕ್ಕಿಂತ ಕಡಿಮೆ. ಕೆಂಬಾಳೆ ತೋಟದ ಆಚೆ ಅದರ ಬಿಳಿ ಛಾವಣಿ ಮರೆಯಾಗುವವರೆಗೂ ಹಲಗೆ ಹಿಡಿದು ನಿಂತೇ ಇದ್ದೆ.