ಉಳ್ಳಾಗಡ್ಡಿ ಚೀಲದ ಪಟ್ಟು

ಮೊನ್ನೆ ಗೋವಾದ ವಾಸ್ಕೋ ಮಾರ್ಕೆಟ್ಟಿನಲ್ಲಿ ಲಾರಿಯಿಂದ ಉಳ್ಳಾಗಡ್ಡಿ ಚೀಲ ಇಳಿಸುತ್ತಿದ್ದರು. ಆ ಈರುಳ್ಳಿ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆಯ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಮಂಗೋರ್ ಹಿಲ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗಟಾರವಷ್ಟೇ. ಕಾಕಾ ಗೋದಾಮಿನಲ್ಲಿ ಹಮಾಲರು. ಹರೆಯದಲ್ಲಿ ಬಂದರಿನ ಕೆಲಸಗಾರರ ಕ್ಲಬ್ಬಿನಲ್ಲಿ ಜೂಡೊ ಕಲಿತಿದ್ದರಂತೆ. ಸಂಜೆಯ ಹೊತ್ತು ನಾಲ್ಕು ಹಳೆಯ ಗಾದಿ ಹಾಸಿ ಓಣಿಯ ಮಕ್ಕಳಿಗೆ ಕಲಿಸುತ್ತಿದ್ದರು. ನಾನೋ ಉದ್ದ ಕಾಲಿನ ಮೊಂಡು ಹುಡುಗಿ. ಸೆಯೊಯಿ ನಾಗೆ, ತಾಯ್ ಒತೊಶಿ ಎಂಬ ಎರಡು ಪಟ್ಟುಗಳನ್ನು ಸದಾ ಕಲಸುಮೇಲೋಗರ ಮಾಡುತ್ತಿದ್ದೆ. ನೋಡುವವರಿಗೆ ಎರಡೂ ಒಂದೇ. ತೋಳು ಹಿಡಿದು, ಗರಕ್ಕನೆ ತಿರುಗಿ, ಎದುರಾಳಿಗೆ ಬೆನ್ನು ಕೊಟ್ಟು ಮುಂದಕ್ಕೆ ಕೆಡವುವುದು.

ಒಂದು ದಿನ ಕಾಕಾ ಹಣೆ ಹಣೆ ಬಡಿದುಕೊಂಡು ನನ್ನನ್ನು ಗೋದಾಮಿಗೇ ಕರೆದೊಯ್ದರು.

"ನೋಡವ್ವಾ, ಇದು ಸಕ್ಕರಿ ಚೀಲ. ಗಟ್ಟಿ ನಿಂತೈತಿ. ಮೊಣಕಾಲು ಬಗ್ಗಿಸಿ, ಕೆಳಗ ಹೊಕ್ಕು ಬೆನ್ನ ಮ್ಯಾಲೆ ಹೊರಬೇಕು. ಅದು ಸೆಯೊಯಿ. ಇದು ಉಳ್ಳಾಗಡ್ಡಿ. ಸಡಲ ಐತಿ, ಬೆನ್ನಿಗೆ ಕೂಡಂಗಿಲ್ಲ. ಹೊರಾಕ ಹೋದಿ ಅಂದ್ರ ನಿನ್ನನ್ನ ಕೆಡವತೈತಿ. ಕಾಲು ಅಡ್ಡ ಚಾಚು, ಕೈಲೆ ಎಳಿ, ಕಾಲ ಮ್ಯಾಲಿಂದ ಉರುಳಿಸು. ಅದು ತಾಯ್ ಒತೊಶಿ."

"ಮಂದ್ಯಾಗ ಹೆಂಗ ಗುರ್ತು ಹಿಡಿಯೂದ್ರಿ ಕಾಕಾ?"

"ನಿನಗಿಂತ ಎತ್ತರ ಇದ್ದು ಮೈಮ್ಯಾಲೆ ಬರಾಕಿ ಸಕ್ಕರಿ. ಗಿಡ್ಡ ಇದ್ದು ಬಗ್ಗಿ ದೂರ ನಿಲ್ಲಾಕಿ ಉಳ್ಳಾಗಡ್ಡಿ!"

ಗೋವಾ ತಂಡದ ಆಯ್ಕೆಯ ದಿನ ಬಂತು. ಗೋಡೆ ಕಟ್ಟುವ ಗವಂಡಿ ಕೆಲಸದ ನಮ್ಮಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ: ಸೋತರೆ ಜೂಡೊ ಬಂದ್, ಕೊರ್ಲಿಮ್‌ನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಕೊನೆಯ ಪಂದ್ಯದಲ್ಲಿ ಎದುರಿಗಿದ್ದವಳು ಗಿಡ್ಡಿ, ಬಗ್ಗಿಯೇ ನಿಂತಿದ್ದಳು. ನಾನು ಹುಚ್ಚಿ, ರೂಢಿಯಂತೆ ಬೆನ್ನ ಮೇಲೆ ಎತ್ತಲು ಹೋದೆ. ಅವಳು ಹಿಂದಕ್ಕೆ ಜಗ್ಗಿ ನನ್ನನ್ನೇ ಕೆಡವಿ ಅರ್ಧ ಅಂಕ ಹೊಡೆದಳು. ಜೀವ ಬಾಯಿಗೆ ಬಂತು. ಉಳಿದದ್ದು ಅರ್ಧ ನಿಮಿಷ.

ಆಗ ಗ್ಯಾಲರಿಯಿಂದ ಕಾಕಾ ಗಂಟಲು ಹರಿಯುವಂತೆ ಕೂಗಿದರು. "ಉಳ್ಳಾಗಡ್ಡಿ! ಯವ್ವಾ, ಉಳ್ಳಾಗಡ್ಡಿ ಅದು!"

ಕೊಂಕಣಿ ಮಂದಿಯೆಲ್ಲ ತಿರುಗಿ ನೋಡಿದರು. ನಾನು ಈ ಸಲ ಬೆನ್ನು ತಾಗಿಸಲೇ ಇಲ್ಲ. ಬಲಗಾಲನ್ನು ಅವಳ ಪಾದಗಳ ಮುಂದೆ ಅಡ್ಡ ಚಾಚಿ ತೋಳು ಎಳೆದೆ. ಧಪ್! ಅವಳ ಬೆನ್ನು ಪೂರ್ತಿ ನೆಲಕ್ಕೆ. ಪೂರ್ಣ ಅಂಕ, ಪಂದ್ಯ ನನ್ನದು! ಅಬ್ಬಾ, ಆ ಖುಷಿ... ಅಪ್ಪ ಗುರುತಿಲ್ಲದವರನ್ನೂ ತಬ್ಬಿಕೊಂಡು "ನನ್ನ ಮಗಳ್ರೀ, ನನ್ನ ಮಗಳು!" ಎನ್ನುತ್ತಿದ್ದ. ಕೊರ್ಲಿಮ್‌ನ ಮಾತು ಮತ್ತೆ ಎತ್ತಲಿಲ್ಲ.

ಮರಳಿ ಬಂದ ಸಂಜೆ ಕಾಕಾ ಗಾದಿಯ ಮೇಲೆ ನಿಂತು, "ಆ ಪಟ್ಟು ನನಗ ಹಾಕು ನೋಡೂಣು" ಎಂದರು. ಹಾಕಿದೆ. ಬಿದ್ದಲ್ಲೇ ಅಂಗಾತ ಮಲಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಖರೇ ಕಲ್ತಿ ನೋಡು!"

ಈಗ ನಾನೇ ಜೂಡೊ ಕಲಿಸುತ್ತೇನೆ. ಕಾಕಾ ತೀರಿಕೊಂಡು ಮೂರು ವರ್ಷವಾಯಿತು. ಎಷ್ಟೋ ಜನರನ್ನು ಕೆಡವಿದ್ದೇನೆ. ಆದರೆ ನನ್ನ ಕೈಯಲ್ಲಿ ಬಿದ್ದು ಅಷ್ಟು ಸಂತೋಷಪಟ್ಟವರು ಅವರೊಬ್ಬರೇ.