ಬ್ಲಾಕಿಗೆಲ್ಲ ನನ್ನದೊಂದೇ ಮುಖ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ದೆಹಲಿಯ ಆರ್.ಕೆ.ಪುರಂನಲ್ಲಿ ಅಳಿಯನಿಗೆ ಸಿಕ್ಕಿದ್ದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಇದ್ದೆ. ನಲ್ಲಿಯಲ್ಲಿ ಹಳದಿ ನೀರು, ಮೋರಿಯ ವಾಸನೆ. ಬ್ಲಾಕಿನ ಮಕ್ಕಳಿಗೆಲ್ಲ ಭೇದಿ.

ಅಲ್ಲಿದ್ದವರೆಲ್ಲ ಸರ್ಕಾರಿ ನೌಕರರು. ಸರ್ಕಾರವನ್ನು ಬಹಿರಂಗವಾಗಿ ದೂರಿದರೆ ನೌಕರಿಗೆ ಕುತ್ತು ಎಂಬ ಭಯ. ವಾಟ್ಸಾಪ್ ಗುಂಪಿನಲ್ಲಿ ‘ದಯವಿಟ್ಟು ಗಮನಿಸಿ’ ಎಂದು ಬರೆದು, ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು.

ನನಗೆ ಒಂದು ಸಾಲು ಬರೆಯಲು ಅರ್ಧ ದಿನ ಬೇಕು. ಅದಕ್ಕೆ ಲೋಟದಲ್ಲಿ ಆ ನೀರು ಹಿಡಿದು, ಮೊಬೈಲಿಗೆ ಮುಖ ಕೊಟ್ಟು, ಹರಕು ಹಿಂದಿಯಲ್ಲಿ ಹೇಳಿದೆ: “ನೀರಿನ ಸಾಹೇಬರೇ, ಇದಕ್ಕೆ ಚಹಾಪುಡಿ ಬೇಡ, ಬಣ್ಣ ಮೊದಲೇ ಬಂದಿದೆ. ಬಂದು ಕುಡಿದು ಹೋಗಿ.” ಆ ವಿಡಿಯೋ ಗುಂಪಿಗೆ ಹಾಕಿದೆ.

ಸಂಜೆಯೊಳಗೆ ಅದು ನೋಯ್ಡಾದಲ್ಲಿರುವ ಮಗಳ ನಾದಿನಿಗೂ ತಲುಪಿತ್ತು. ಹೊರಗೆ ಕಳಿಸಿದವರು ಯಾರು ಎಂದರೆ ಬ್ಲಾಕಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಮರುದಿನ ಟಿವಿಯ ಹುಡುಗಿ ಮೈಕ್ ಹಿಡಿದು ಬಂದಳು. ಹಿಂದೆ ಸುದ್ದಿಯವರು ಸುದ್ದಿ ಹುಡುಕುತ್ತಿದ್ದರು. ಈಗ ನಮ್ಮ ಮೊಬೈಲಿನಲ್ಲಿ ನೋಡಿ, ಅದನ್ನೇ ಇನ್ನೊಮ್ಮೆ ಮಾಡಿಸಲು ಬರುತ್ತಾರೆ.

“ಮಾತಾಜಿ, ಥೋಡಾ ರೋ ದೀಜಿಯೆ,” ಎಂದಳು. ಸ್ವಲ್ಪ ಅಳಬೇಕಂತೆ.

“ಗಂಡ ಸತ್ತಾಗಲೇ ಹೆಚ್ಚು ಅಳಲಿಲ್ಲ. ಮೋರಿ ನೀರಿಗೆ ಅಳ್ಲಾ?” ಎಂದೆ ಕನ್ನಡದಲ್ಲಿ. ಮಗಳು ಅದನ್ನು ಹಿಂದಿಗೆ ತಿರುಗಿಸಲಿಲ್ಲ.

ಸಂಜೆ ಅಳಿಯ ಬೆವರುತ್ತ ಬಂದ. ಆ ಮುದುಕಿ ಯಾವ ಕ್ವಾರ್ಟರ್ಸಿನವಳು ಎಂದು ಮೇಲಧಿಕಾರಿ ಕರೆಸಿ ಕೇಳಿದ್ದರಂತೆ. ಅತ್ತೆಗೆ ಬೈಯುವ ಹಾಗಿಲ್ಲ, ಹೆಂಡತಿಯ ಕಡೆ ತಿರುಗಿದ. “ನಿಮ್ಮಮ್ಮಂಗೆ ಹೇಳು, ಆ ವಿಡಿಯೋ ತೆಗೀಲಿ. ಕ್ವಾರ್ಟರ್ಸ್ ಕಿತ್ಕೊಂಡ್ರೆ ಎಲ್ಲಿಗೆ ಹೋಗೋದು?”

“ನಾನಿಲ್ಲೇ ಕೂತಿದೀನಲ್ಲಪ್ಪ, ನಂಗೇ ಹೇಳು. ತೆಗೆದ್ರೆ ನೀರು ಸರಿಹೋಗುತ್ತಾ?”

“ಇಲ್ಲ ಅತ್ತೆ. ಆದ್ರೆ ಇಡೀ ಬ್ಲಾಕಲ್ಲಿ ಕಾಣ್ತಿರೋದು ನಿಮ್ಮೊಬ್ಬರ ಮುಖ.”

ಮದುವೆಯಾದ ಮೇಲೆ ಅವನು ಆಡಿದ ಮೊದಲ ಬುದ್ಧಿವಂತಿಕೆಯ ಮಾತು ಅದು.

ಮರುದಿನ ಬೆಳಿಗ್ಗೆ ಒಂದೊಂದೇ ಮನೆಯ ಬಾಗಿಲು ತಟ್ಟಿದೆ. ನೌಕರಿಯಿಲ್ಲದ ಅತ್ತೆ, ಅಮ್ಮ, ಅಜ್ಜಿಯರನ್ನೆಲ್ಲ ಕರೆದೆ. ಎದುರು ಮನೆಯ ಪಂಜಾಬಿ ಮುದುಕಿ ಮಗನ ಕ್ವಾರ್ಟರ್ಸ್ ಹೋದೀತೆಂದು ಹಿಂಜರಿದಳು. “ಎಲ್ಲರ ಮಕ್ಕಳನ್ನೂ ಓಡಿಸಿದರೆ ಆಫೀಸಿನ ಫೈಲು ಯಾರು ಹೊರುತ್ತಾರೆ? ಚಲೋ,” ಎಂದೆ. ಎಲ್ಲರನ್ನೂ ಪಾರ್ಕಿನಲ್ಲಿ ಸಾಲಾಗಿ ಕೂರಿಸಿದೆ, ಕೈಯಲ್ಲಿ ಅವರವರ ಮನೆಯ ನೀರಿನ ಬಾಟಲಿ. ಮೊಬೈಲನ್ನು ಅಳಿಯನ ಸ್ಕೂಟರಿಗೆ ಒರಗಿಸಿ ಗುಂಡಿ ಒತ್ತಿ, ಓಡಿಹೋಗಿ ನಡುವೆ ಕೂತೆ.