ಕಟ್ಟೆಯ ಬುಡದಲ್ಲಿ ಮದುವೆ ಮಂದಿ

ನಲ್ಲಂಪಳ್ಳಿ ಕಡೆ, ನೆರೆ ತಡೆಯಲು ಕಟ್ಟಿದ್ದ ಚಿಕ್ಕ ಮಣ್ಣಿನ ಕಟ್ಟೆಯೊಂದನ್ನು ಪರೀಕ್ಷಿಸಲು ಹೋಗಿದ್ದೆ. ಮಳೆಗೆ ನೀರು ತುಂಬಿ ನಿಂತಿತ್ತು. ಕಟ್ಟೆಯ ಹೊರಬದಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಜಿನುಗುವುದು ಹೊಸದಲ್ಲ, ಆದರೆ ಈ ನೀರು ಕೆಂಪಗಿತ್ತು. ಅಂದರೆ ಕಟ್ಟೆಯೊಳಗಿನ ಮಣ್ಣೇ ಕೊಚ್ಚಿಕೊಂಡು ಬರುತ್ತಿತ್ತು. ಕೆಳಗೇ ಊರು.

ಓಡಿದೆ. ಊರಲ್ಲಿ ಮದುವೆ ಊಟ ನಡೆದಿತ್ತು. ಪಂಕ್ತಿಯ ನಡುವೆ ಬಡಿಸುತ್ತಿದ್ದ ಹೆಣ್ಣಿನ ತಂದೆಗೆ, "ಕಟ್ಟೆ ಒಡೆಯೋ ಹಾಗಿದೆ. ಮಕ್ಕಳನ್ನ, ವಯಸ್ಸಾದವರನ್ನ ದಿಣ್ಣೆ ಮೇಲೆ ಕಳಿಸಿ. ಮರಳು, ಜಲ್ಲಿ, ಚೀಲ ಬೇಕು" ಎಂದೆ.

ಅವರು ಸಾಂಬಾರಿನ ಬಕೆಟ್ ಕೆಳಗಿಟ್ಟರು. "ಊಟ ಆಮೇಲೆ ಆಯ್ತದೆ. ಎಲ್ರೂ ಏಳ್ರಪ್ಪಾ, ಬೇಗ, ಸೀಕ್ರಂ!"

ಯಾರೋ ಮನೆ ಕಟ್ಟಲು ತಂದಿದ್ದ ಮರಳು, ಜಲ್ಲಿ ಟ್ರ್ಯಾಕ್ಟರಿಗೇರಿತು. ಅಕ್ಕಿ ಚೀಲಗಳಿಗೆ ಮರಳು ತುಂಬಿದರು. ಮದುಮಗನೂ ರೇಷ್ಮೆ ಪಂಚೆ ಎತ್ತಿಕಟ್ಟಿ ಚೀಲ ಹೊತ್ತ. ನೀರು ಬರುತ್ತಿದ್ದ ಜಾಗದ ಸುತ್ತ ಚೀಲ ಪೇರಿಸಿ, ಮಣ್ಣು ತಡೆದು ನೀರನ್ನಷ್ಟೇ ಹೊರಬಿಡಲಿ ಎಂದು ಒಳಗೆ ಮರಳು, ಅದರ ಮೇಲೆ ಜಲ್ಲಿ ಹಾಸಿದೆವು. ಸಂಜೆ ಹೊತ್ತಿಗೆ ನೀರು ತಿಳಿಯಾಯಿತು. ಕಟ್ಟೆ ನಿಂತಿತು. ನಾನು ಕೆಸರಲ್ಲೇ ಕುಸಿದು ಕುಳಿತೆ.

ಆಮೇಲೆ ನನ್ನನ್ನು ಎಳೆದುಕೊಂಡು ಹೋಗಿ ಉಣ್ಣಲು ಕೂರಿಸಿದರು. ನಾನು ಕೈಮುಗಿದರೆ, "ಊರು ನಮ್ದಲ್ವಾ ಸಾರ್, ನೀವ್ಯಾಕೆ ಕೈ ಮುಗೀತೀರ?" ಎಂದಳು ಮದುಮಗಳು.

ಅವರ ಮದುವೆ ಆಲ್ಬಮಿನಲ್ಲಿ ನಾನೂ ಇದ್ದೇನೆ. ಮೈಯೆಲ್ಲ ಕೆಸರು. ಪಕ್ಕದಲ್ಲಿ ನಿಂತ ಮದುಮಗ ನನಗಿಂತ ಕೊಳಕಾಗಿದ್ದಾನೆ ಅನ್ನುವುದೊಂದೇ ಸಮಾಧಾನ.